ತೊಟ್ಟಿಲಿಗೆ ಹಚ್ಚಿದ ಎಣ್ಣೆ

ಮಣಿಪಾಲದಲ್ಲಿ ಮನೆಮನೆಗೆ ಹೋಗಿ ಸೋಫಾ, ಮೇಜು, ಮಂಚ ಶುಚಿ ಮಾಡಿಕೊಡುವ ಕೆಲಸವನ್ನು ಹೊಸದಾಗಿ ಶುರು ಮಾಡಿರುವ ನಾಲ್ಕೈದು ಮಂದಿ ಕಳೆದ ತಿಂಗಳು ನನ್ನನ್ನು ಹುಡುಕಿಕೊಂಡು ಕಾರ್ಕಳಕ್ಕೆ ಬಂದಿದ್ದರು. "ಮೂವತ್ತೈದು ವರ್ಷ ಪಾಲಿಶ್ ಕೆಲಸ ಮಾಡಿದವರು ನೀವು, ಯಾವ ಮರಕ್ಕೆ ಎಂತ ಹಚ್ಚಬೇಕು ಅಂತ ಒಂದು ಪಟ್ಟಿ ಬರೆದು ಕೊಡಿ" ಎಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತರೆ ಏನು ಹಚ್ಚಬೇಕು ಎನ್ನುವುದಕ್ಕಿಂತ ಏನು ಹಚ್ಚಬಾರದು ಎನ್ನುವುದೇ ಸಾಲುಗಟ್ಟಿ ನೆನಪಿಗೆ ಬಂತು. ಅದರಲ್ಲೂ ಒಂದು ತೊಟ್ಟಿಲಿಗೆ ನಾನೇ ಹಚ್ಚಬಾರದ್ದನ್ನು ಹಚ್ಚಿ, ಕೇಳಿದವರಿಗೆ ಸುಳ್ಳು ಹೇಳಿ, ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆ ಸುಳ್ಳು ಯಾರ ತಲೆಯ ಮೇಲೆ ಹೋಗಿ ಬಿದ್ದಿತ್ತು ಎಂದು ನನಗೆ ಗೊತ್ತಾದದ್ದು ಈ ವರ್ಷ. ಆ ಆಘಾತದಿಂದ ನಾನಿನ್ನೂ ಪೂರ್ತಿ ಎದ್ದಿಲ್ಲ. ಆದ್ದರಿಂದ ಪಟ್ಟಿಯ ಬದಲು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸಕ್ಕೆ ಬರುವವರು ಗಾಬರಿಯಾಗಲು ತಯಾರಿರಬೇಕು. ಓದಿದವರು, ಬುದ್ಧಿವಂತರು, ಮಗುವಿಗೆ ಔಷಧಿ ಕೊಡುವಾಗ ಚಮಚದಲ್ಲಿ ಅಳೆದು ಕೊಡುವವರು ಮರದ ಸಾಮಾನಿನ ಎದುರು ನಿಂತಾಗ ಏನು ಸಿಕ್ಕಿದರೂ ಸುರಿದುಬಿಡುತ್ತಾರೆ. ಮಲ್ಪೆಯ ಒಬ್ಬ ಬೋಟಿನ ಧಣಿ ಹೊಸ ತೇಗದ ಸೋಫಾಕ್ಕೆ ಮತ್ತಿ ಮೀನಿನ ಎಣ್ಣೆ ಹಚ್ಚಿಸಿದ್ದರು. ನಾನು ಒಳಗೆ ಕಾಲಿಟ್ಟಾಗ ವಾಸನೆಗೆ ಕಣ್ಣಲ್ಲಿ ನೀರು ಬಂತು. ಸೋಫಾದ ಮೇಲೆ ಏಳೆಂಟು ಬೆಕ್ಕುಗಳು, ಒಂದೊಂದೂ ಒಂದೊಂದು ಕೈ, ಕಾಲು ಹಿಡಿದುಕೊಂಡು ನೆಕ್ಕುತ್ತಿದ್ದವು. ಓಡಿಸಿದರೆ ನನ್ನನ್ನೇ ಗುರಾಯಿಸಿದವು.

"ಬೋಟಿಗೆ ಹಚ್ಚಿದರೆ ಹಲಗೆ ಎಷ್ಟು ವರ್ಷ ಬಾಳುತ್ತದೆ ಗೊತ್ತುಂಟಾ ನಿಮಗೆ? ಸಮುದ್ರದ ಉಪ್ಪುನೀರಿಗೆ ಹೆದರದ್ದು ಸೋಫಾಕ್ಕೆ ಆಗುವುದಿಲ್ಲವಾ?" ಎಂದು ಅವರು ನನಗೇ ಜೋರು ಮಾಡಿದರು. ಅವರ ಹೆಂಡತಿ ಹಿಂದಿನಿಂದ, "ಬೋಟಿನಲ್ಲಿ ನೆಂಟರು ಬಂದು ಕುಳಿತುಕೊಳ್ಳುವುದಿಲ್ಲ ಅಲ್ವಾ, ಅದನ್ನು ಕೇಳಿ ಇವರಿಗೆ" ಎಂದರು. ಆ ಸೋಫಾದ ವಾಸನೆ ತೆಗೆಯಲು ನನಗೆ ಹನ್ನೊಂದು ದಿನ ಬೇಕಾಯಿತು. ಬೆಕ್ಕುಗಳು ಅದಾದ ಮೇಲೂ ಒಂದು ತಿಂಗಳು ಬಂದು ಹೋಗುತ್ತಿದ್ದವಂತೆ.

ಕೊರೊನಾದ ಕಾಲದಲ್ಲಿ ಮಣಿಪಾಲದ ಒಬ್ಬ ನಿವೃತ್ತ ಪ್ರಾಧ್ಯಾಪಕರ ಮನೆಯಿಂದ ಫೋನು ಬಂತು. ಬೇಗ ಬನ್ನಿ ಎಂದರೇ ಹೊರತು ಏನಾಯಿತೆಂದು ಹೇಳಲಿಲ್ಲ. ಹೋಗಿ ನೋಡಿದರೆ ಊಟದ ಮೇಜಿನ ಮಧ್ಯದಲ್ಲಿ ಒಬ್ಬ ಮೀಸೆಯ ಗಂಡಸಿನ ಮುಖ. ಮುಖದ ಕೆಳಗೆ ಉಲ್ಟಾ ಅಕ್ಷರದಲ್ಲಿ ಶ್ರದ್ಧಾಂಜಲಿ ಎಂದಿತ್ತು. ಪ್ರಾಧ್ಯಾಪಕರು ದಿನಕ್ಕೆ ಮೂರು ಸಲ ಮೇಜಿಗೆ ಸ್ಯಾನಿಟೈಸರ್ ಹೊಡೆಯುತ್ತಿದ್ದರು. ಅದು ಹಳೆಯ ಕಾಲದ ಅರಗಿನ ಪಾಲಿಶ್. ಅರಗನ್ನು ನಾವು ಕರಗಿಸುವುದೇ ಸ್ಪಿರಿಟ್ಟಿನಲ್ಲಿ, ಸ್ಯಾನಿಟೈಸರಿನಲ್ಲಿ ಇರುವುದೂ ಅದೇ ಜಾತಿಯದ್ದು. ಮೇಜು ಅಂಟಂಟಾಗಿದೆ ಎಂದು ಅದರ ಮೇಲೆ ಪೇಪರು ಹಾಸಿದ್ದಾರೆ, ಪೇಪರಿನಲ್ಲಿದ್ದ ತೀರಿಹೋದವರ ಫೋಟೋ ಮೇಜಿಗೆ ಇಳಿದಿದೆ.

"ಇವರು ಯಾರೂಂತಲೇ ನಮಗೆ ಗೊತ್ತಿಲ್ಲ. ಒರೆಸಿದರೆ ತಪ್ಪಾಗುತ್ತದೆಯೋ ಎಂತದೋ. ಮೂರು ದಿನದಿಂದ ನಾವು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದು" ಎಂದರು ಪ್ರಾಧ್ಯಾಪಕರ ಹೆಂಡತಿ. ನಾನು ಮನಸ್ಸಿನಲ್ಲೇ ಆ ಮೀಸೆಯವರ ಕ್ಷಮೆ ಕೇಳಿ ಸ್ಯಾಂಡ್ ಪೇಪರ್ ಹಿಡಿದೆ.

ಇಂಥವುಗಳನ್ನು ಹೇಳಿ ನಗಬಹುದು. ನಾನೂ ಬಹಳ ನಕ್ಕಿದ್ದೇನೆ. ಆದರೆ ಅವರೆಲ್ಲ ಗೊತ್ತಿಲ್ಲದೆ ಮಾಡಿದವರು. ಗೊತ್ತಿದ್ದೂ ಮಾಡಿದವನು ನಾನೊಬ್ಬ.

ನನಗೆ ಕೆಲಸ ಕಲಿಸಿದವರು ಬನ್ನಂಜೆಯಲ್ಲಿ ಪಾಲಿಶ್ ಅಂಗಡಿ ಇಟ್ಟಿದ್ದ ಅಂತೋನ್ ಮೇಸ್ತ್ರಿ. ಕೊಂಕಣಿ ಮನೆಮಾತಿನವರು, ಸಿಟ್ಟು ಬಂದರೆ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. ಅವರಿಗೆ ಎರಡು ನಿಯಮ. ಮರವನ್ನು ಮುಟ್ಟುವ ಮೊದಲು ಮೂಸಿ ನೋಡಬೇಕು. ಮರಕ್ಕೆ ಯಾವುದೇ ಹೊಸ ಎಣ್ಣೆಯನ್ನೋ ವಾರ್ನಿಶನ್ನೋ ಹಚ್ಚುವ ಮೊದಲು ನಮ್ಮ ಮೊಣಕೈಯ ಒಳಬದಿಗೆ ಹಚ್ಚಿಕೊಂಡು ಒಂದು ಇಡೀ ದಿನ ಕಾಯಬೇಕು. ಗಿರಾಕಿ ಎಷ್ಟೇ ಅವಸರ ಮಾಡಲಿ, ಒಂದು ದಿನ ಎಂದರೆ ಒಂದು ದಿನ.

"ಮರಕ್ಕೆ ಉರಿಯುವುದಿಲ್ಲ ವಾಸು. ಮಂಚದ ಮೇಲೆ ಮಲಗುವುದು ಮನುಷ್ಯರು. ಅವರ ಚರ್ಮ, ನಿನ್ನ ಚರ್ಮ ಒಂದೇ" ಎನ್ನುತ್ತಿದ್ದರು. ಅವರ ಎರಡೂ ಕೈಗಳ ಒಳಬದಿ ಕಲೆ ಬಿದ್ದು ಬಿದ್ದು ಹಳೆಯ ಚಾಪೆಯ ಹಾಗಾಗಿತ್ತು. ನಾನು ಮೊದಮೊದಲು ಅದನ್ನು ನೋಡಿ ಹೆದರಿದ್ದೆ. ಆಮೇಲೆ ಕೈಮೇಲೆ ಕಲೆಯಿಲ್ಲದ ಪಾಲಿಶ್‌ನವರನ್ನು ಕಂಡರೆ ನಂಬಿಕೆ ಬರುತ್ತಿರಲಿಲ್ಲ. ಈಗ ಎಲ್ಲ ಡಬ್ಬದಲ್ಲೇ ತಯಾರಾಗಿ ಬರುತ್ತದೆ, ಯಂತ್ರದಲ್ಲಿ ಊದುತ್ತಾರೆ. ಊದಿದ್ದು ಮರಕ್ಕೆ ಅರ್ಧ, ನಮ್ಮ ಎದೆಗೆ ಅರ್ಧ. ನಾನು ಮೂರು ವರ್ಷದ ಹಿಂದೆ ಕೆಲಸ ಬಿಟ್ಟದ್ದು ಆ ಕೆಮ್ಮಿನಿಂದಲೇ. ಮಾಸ್ಕ್ ಹಾಕಿಕೊಳ್ಳಿ, ನಾಚಬೇಡಿ.

ಮೇಸ್ತ್ರಿಯವರು ತೀರಿಕೊಂಡ ಮರುವರ್ಷದ ಮಳೆಗಾಲ. ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಕಾಪುವಿನ ಗಿರಿಜಕ್ಕ ಒಂದು ಹಲಸಿನ ಮರದ ತೊಟ್ಟಿಲನ್ನು ಟೆಂಪೋದಲ್ಲಿ ತಂದು ಇಳಿಸಿದರು. ಗಿರಿಜಕ್ಕ ಎಂದರೆ ಮಲ್ಪೆಯಿಂದ ಮೀನು ತಂದು ಮಾರಿ ಒಬ್ಬರೇ ಮನೆಯನ್ನು ಎತ್ತಿ ನಿಲ್ಲಿಸಿದ ಹೆಂಗಸು. ಗಂಡ ಬೇಗ ತೀರಿಹೋಗಿದ್ದರು, ಒಬ್ಬನೇ ಮಗ ದುಬೈಯಲ್ಲಿದ್ದ. ಕಾರ್ಕಳದ ತವರಿನಲ್ಲಿ ಹೆತ್ತ ಸೊಸೆ ಸುಮತಿ ಮಗುವಿನೊಂದಿಗೆ ಕಾಪುವಿಗೆ ಬರುವ ದಿನ ಗೊತ್ತಾಗಿತ್ತು. ಆ ದಿನ ಮಗುವನ್ನು ಮನೆಯ ತೊಟ್ಟಿಲಿಗೆ ಹಾಕಬೇಕು.

"ಇದರಲ್ಲಿ ನನ್ನ ಮಗ ಮಲಗಿದ್ದು, ಅವನ ಅಪ್ಪ ಮಲಗಿದ್ದು. ಐದನೇ ದಿನಕ್ಕೆ ಬೇಕು ವಾಸು. ಚಂದ ಮಾಡಿ ಕೊಡು" ಎಂದರು ಗಿರಿಜಕ್ಕ.

ತಟ್ಟಿ ನೋಡಿದೆ. ಹಿಟ್ಟಿನ ಹಾಗೆ ಪುಡಿ ಉದುರಿತು. ಕುಟ್ಟೆ ಹುಳು ಹಿಡಿದಿತ್ತು. ಅದಕ್ಕೆ ಸೀಮೆಎಣ್ಣೆ ಬಿಟ್ಟು ಮೂರು ನಾಲ್ಕು ದಿನ ಬಿಸಿಲಿಗೆ ಇಡಬೇಕು. ಬಿಸಿಲೆಲ್ಲಿದೆ? ನಾಲ್ಕು ದಿನದಿಂದ ಮಳೆ ನಿಂತಿರಲಿಲ್ಲ. ಸಾಧ್ಯವಿಲ್ಲ, ಮಗುವನ್ನು ಚಾಪೆಯಲ್ಲಿ ಮಲಗಿಸಿ ಎಂದು ಹೇಳಬಹುದಿತ್ತು. ಮೇಸ್ತ್ರಿಯವರಾಗಿದ್ದರೆ ಹಾಗೆಯೇ ಹೇಳುತ್ತಿದ್ದರು. ಮೇಸ್ತ್ರಿ ಹೋದ ಮೇಲೆ ಅಂಗಡಿಯಲ್ಲಿ ಏನೂ ಆಗುವುದಿಲ್ಲ ಎಂಬ ಮಾತು ಬರಬಾರದೆಂದು ನಾನು ಆಗುತ್ತದೆ ಎಂದೆ.

ನಮ್ಮ ಮನೆಯಲ್ಲಿ ಹೆಂಚಿನ ಮಾಡಿನ ಪಕ್ಕಾಸು ಮರಗಳಿಗೆ ಹಚ್ಚಿ ಉಳಿದಿದ್ದ ಗೇರೆಣ್ಣೆಯ ಡಬ್ಬ ಇತ್ತು. ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ ಅದು. ನಮ್ಮ ಕಡೆ ಮನೆಯ ಮಾಡಿಗೂ ದೋಣಿಗೂ ಹಚ್ಚುತ್ತಾರೆ, ಹುಳು ಹತ್ತಿರ ಸುಳಿಯುವುದಿಲ್ಲ. ಮೈಗೆ ತಾಗಿದರೆ ಬೆಂಕಿ ತಾಗಿದ ಹಾಗೆ ಗುಳ್ಳೆ ಏಳುತ್ತದೆ ಎನ್ನುವುದು ಇಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಮಣಿಕಟ್ಟಿನಲ್ಲೇ ಅದರ ಕಲೆಯಿತ್ತು. ಅಡಿಯ ಹಲಗೆಯ ಸಂದಿಗಳಿಗೆ ಮಾತ್ರ ಬಿಡುತ್ತೇನೆ, ಮೇಲೆ ಎರಡು ಸಲ ವಾರ್ನಿಶ್ ಹೊಡೆದರೆ ಮುಚ್ಚಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ತಂಪು ಹವೆಯಲ್ಲಿ ಗೇರೆಣ್ಣೆ ಒಣಗುವುದಿಲ್ಲ ಎನ್ನುವುದನ್ನು ಯೋಚಿಸಲಿಲ್ಲ. ಮೊಣಕೈಗೆ ಹಚ್ಚಿಕೊಂಡು ಕಾಯುವ ಮಾತಂತೂ ದೂರ ಉಳಿಯಿತು. ಐದನೇ ದಿನ ತೊಟ್ಟಿಲು ಹೊಳೆಯುತ್ತಿತ್ತು.

ಎಂಟು ದಿನ ಕಳೆದಿರಬೇಕು. ಗಿರಿಜಕ್ಕ ಮಳೆಯಲ್ಲಿ ನೆನೆದುಕೊಂಡು ಅಂಗಡಿಗೆ ಬಂದರು. ಕೊಡೆ ಮಡಚಲೂ ಇಲ್ಲ.

"ವಾಸು, ಸರಿಯಾಗಿ ಹೇಳು ಮಾರಾಯ. ತೊಟ್ಟಿಲಿಗೆ ಗೇರೆಣ್ಣೆ ಹಚ್ಚಿದ್ದುಂಟಾ ನೀನು?"

"ಎಂತ ಆಯಿತು ಗಿರಿಜಕ್ಕ?"

"ಮಗುವಿನ ಬೆನ್ನಿಡೀ ಗುಳ್ಳೆ. ಸುಟ್ಟ ಹಾಗೆ ಆಗಿದೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಏನೋ ತಾಗಿರಬೇಕು ಅಂತ ಹೇಳುತ್ತಾರೆ."

ಹೌದು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. "ಛೆ, ಗೇರೆಣ್ಣೆಯಾ? ತೊಟ್ಟಿಲಿಗೆ ಯಾರಾದರೂ ಹಚ್ಚುತ್ತಾರಾ ಗಿರಿಜಕ್ಕ? ವಾರ್ನಿಶ್ ಮಾತ್ರ."

"ದೇವರಾಣೆ?"

"ದೇವರಾಣೆ."

ಅವರು ಉಸಿರು ಬಿಟ್ಟು, "ನಾನೂ ಅದನ್ನೇ ಹೇಳಿದ್ದು" ಎಂದರು. ಯಾರಿಗೆ ಹೇಳಿದ್ದು ಎಂದು ನಾನು ಕೇಳಲಿಲ್ಲ. ಗೇರೆಣ್ಣೆಯ ಹೆಸರು ಅವರ ಬಾಯಲ್ಲಿ ಹೇಗೆ ಬಂತು ಎಂದೂ ಯೋಚಿಸಲಿಲ್ಲ. ವಾಸನೆ ಬಂದಿರಬೇಕು ಎಂದುಕೊಂಡೆ. ನನಗೆ ಆಗ ಬೇಕಾಗಿದ್ದದ್ದು ಒಂದೇ, ಆ ತೊಟ್ಟಿಲಿಗೆ ಮಗುವನ್ನು ಮತ್ತೆ ಹಾಕಬಾರದು. ವಾರ್ನಿಶ್ ಏನಾದರೂ ಹಸಿಯಾಗಿ ಉಳಿದಿದೆಯೋ ನೋಡುತ್ತೇನೆ ಎಂದು ನೆಪ ಹೇಳಿ ಅವರೊಂದಿಗೇ ಕಾಪುವಿಗೆ ಹೋಗಿ ತೊಟ್ಟಿಲನ್ನು ಹೊರಿಸಿಕೊಂಡು ಬಂದೆ. ಮಗು ಒಳಕೋಣೆಯಲ್ಲಿ ಅಳುತ್ತಿತ್ತು. ಅಂಥ ಅಳುವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಮತಿ ನನ್ನ ಮುಖವನ್ನೇ ನೋಡಿದಳು.

ತೊಟ್ಟಿಲಿನ ಅಡಿಹಲಗೆಯನ್ನೇ ಕಿತ್ತು ಹೊಸದು ಹಾಕಿದೆ. ಉಳಿದದ್ದನ್ನು ಹೆರೆದು, ತೊಳೆದು, ಒಲೆಯ ಹತ್ತಿರ ಒಣಗಿಸಿ, ವಾರದ ಮೇಲೆ ಕೊಟ್ಟುಬಂದೆ. ಕಿತ್ತ ಹಲಗೆಯನ್ನು ಸುಟ್ಟೆ. ಮಗುವನ್ನು ಉಳಿಸಲು ಮಾಡಿದೆ ಎಂದು ಬಹಳ ಕಾಲ ನನ್ನನ್ನು ನಂಬಿಸಿಕೊಂಡಿದ್ದೆ. ಸಾಕ್ಷಿಯನ್ನೂ ಅದೇ ಒಲೆಯಲ್ಲಿ ಸುಟ್ಟಿದ್ದೆ.

ಮುಂದಿನದ್ದನ್ನು ಅವರಿವರ ಬಾಯಲ್ಲಿ ಕೇಳಿದೆ. ಮೈಮೇಲೆ ಗುಳ್ಳೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನಾಗ. ಸುಮತಿ ಬಾಣಂತಿ ಮೈಲಿಗೆಯಲ್ಲೇ ನಾಗಬನದ ದಾರಿಯಾಗಿ ಬಂದಳಂತೆ, ಅದಕ್ಕೇ ಮಗುವಿಗೆ ಹೀಗಾಯಿತಂತೆ ಎಂದರು. ಗಿರಿಜಕ್ಕ ನಾಗನಿಗೆ ತಂಬಿಲದ ಪೂಜೆ ಮಾಡಿಸಿದರು. ಅಷ್ಟರಲ್ಲಿ ನನ್ನ ಹೊಸ ಹಲಗೆಯ ತೊಟ್ಟಿಲು ಮನೆ ಸೇರಿತ್ತು, ಮಗುವಿನ ಗುಳ್ಳೆಯೂ ಒಣಗಿತು. ಮಗು ಚೆನ್ನಾಗಿದೆ ಎಂದು ತಿಳಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಯಾರಿಗೂ ನಷ್ಟವಾಗಲಿಲ್ಲ, ನಾಗನ ಪೂಜೆಯೂ ಆಯಿತು ಎಂದುಕೊಂಡೆ. ಅಷ್ಟು ಸುಲಭವಾಗಿ ನಾನು ನನ್ನನ್ನೇ ಕ್ಷಮಿಸಿಕೊಂಡಿದ್ದೆ. ಈಗ ಬರೆಯುವಾಗ ನನಗೇ ಅಸಹ್ಯವಾಗುತ್ತಿದೆ.

ಈ ವರ್ಷದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಗೂಡ್ಸ್ ರಿಕ್ಷಾವೊಂದು ನಮ್ಮ ಮನೆಯೆದುರು ನಿಂತಿತು. ಅದರಲ್ಲಿ ಅದೇ ತೊಟ್ಟಿಲು. ಹಲಸಿನ ಹಳದಿ ಕೆಂಪಾಗಿ ತಿರುಗಿತ್ತು, ಆದರೆ ನಾನು ಹಾಕಿದ ಅಡಿಹಲಗೆ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಜೊತೆಗೆ ಬಂದವಳು, "ಅಂಕಲ್, ನಾನು ರಶ್ಮಿ. ಕಾಪುವಿನ ಗಿರಿಜಕ್ಕನ ಮೊಮ್ಮಗಳು" ಎಂದಳು. ಎದುರು ನಿಂತಿದ್ದವಳು ಆ ಮಗು.

ರಶ್ಮಿಗೆ ಎರಡು ತಿಂಗಳ ಗಂಡುಮಗು. ಬಾಣಂತನಕ್ಕೆ ಕಾಪುವಿನಲ್ಲಿದ್ದಾಳೆ, ಮುಂದಿನ ತಿಂಗಳು ಮಣಿಪಾಲದ ತನ್ನ ಫ್ಲ್ಯಾಟಿಗೆ ಹೋಗುವಾಗ ತೊಟ್ಟಿಲು ಬೇಕು.

"ಕೆಲಸ ಬಿಟ್ಟಿದ್ದೀರಿ ಅಂತ ಗೊತ್ತುಂಟು ಅಂಕಲ್. ಅಜ್ಜಿ ಬಿಡಲಿಲ್ಲ. ವಾಸುವಿನ ಕೈಯಲ್ಲೇ ಮಾಡಿಸು, ಸುಳ್ಳು ಹೇಳುವ ಜನ ಅಲ್ಲ ಅಂತ ಹೇಳಿದರು."

ನಾನು ಏನೋ ಒಂದು ಹೂಂಗುಟ್ಟಿದೆ.

"ಆದರೆ ಅಮ್ಮ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ಈ ತೊಟ್ಟಿಲಿಗೆ ನನ್ನ ಮೊಮ್ಮಗನನ್ನು ಹಾಕುವುದಾದರೆ ನಾನು ಆ ಫ್ಲ್ಯಾಟಿಗೆ ಕಾಲಿಡುವುದಿಲ್ಲ ಅಂತ. ಅಜ್ಜಿಗೂ ಅಮ್ಮನಿಗೂ ಒಂದು ವಾರದಿಂದ ಮಾತಿಲ್ಲ."

"ಅಮ್ಮನಿಗೆ ಯಾಕೆ ಬೇಡ?"

ರಶ್ಮಿ ಸ್ವಲ್ಪ ಹಿಂಜರಿದಳು. "ನಿಮಗೆ ಹೇಳಬಾರದು. ಬೇಸರ ಮಾಡಬೇಡಿ. ನಾನು ಸಣ್ಣದಿರುವಾಗ ಬೆನ್ನಿಗೆ ಗುಳ್ಳೆ ಬಂದದ್ದು ಗೇರೆಣ್ಣೆಯಿಂದ ಅಂತ ಅಮ್ಮ ಈಗಲೂ ಹೇಳುತ್ತಾರೆ. ಅಮ್ಮ ಮದುವೆಗೆ ಮೊದಲು ಕಾರ್ಕಳದಲ್ಲಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದರು, ಆ ಸುಟ್ಟ ಗುಳ್ಳೆ ಅವರ ಕೈಯಲ್ಲೇ ಎಷ್ಟು ಸಲ ಆಗಿದೆ. ನೋಡಿದ ಕೂಡಲೇ ಗೊತ್ತಾಯಿತಂತೆ. ಹೋಗಿ ಆ ಪಾಲಿಶ್‌ನವರನ್ನು ಕೇಳಿ ಅಂತ ಅಜ್ಜಿಯನ್ನು ಕಳಿಸಿದ್ದೇ ಅಮ್ಮ. ನೀವು ದೇವರಾಣೆ ಹಾಕಿದಿರಲ್ಲ. ನಾಗಬನದ ದಾರಿಯಲ್ಲಿ ಬಂದ ತನ್ನ ತಪ್ಪು ಮುಚ್ಚಲಿಕ್ಕೆ ಪಾಪದವರ ಮೇಲೆ ಹೇಳುತ್ತಾಳೆ ಅಂತ ಅಜ್ಜಿ ಆವತ್ತು ಅಮ್ಮನಿಗೆ ಹೊಡೆದರಂತೆ. ಅಲ್ಲಿಂದ ಮೇಲೆ ಮನೆಯಲ್ಲಿ ಒಂದು ಗ್ಲಾಸು ಒಡೆದರೂ ಅಮ್ಮನ ಮಾತನ್ನು ಯಾರೂ ನಂಬುವುದಿಲ್ಲ. ಅಪ್ಪನೂ ನಂಬುವುದಿಲ್ಲ."

ನಾನೂ ಅದನ್ನೇ ಹೇಳಿದ್ದು ಎಂದು ಗಿರಿಜಕ್ಕ ಹೇಳಿದ್ದು ಯಾರಿಗೆ ಎಂದು ಇಪ್ಪತ್ತೇಳು ವರ್ಷದ ಮೇಲೆ ಗೊತ್ತಾಯಿತು. ಬಾಗಿಲಲ್ಲಿ ನಿಂತು ಸುಮತಿ ನನ್ನ ಮುಖ ನೋಡಿದ್ದು ಯಾಕೆ ಎಂದೂ ಗೊತ್ತಾಯಿತು. ನಾನು ಬಾಯಿ ತೆರೆಯುತ್ತೇನೆಂದು ಅವಳು ಕಾದಿದ್ದಳು. ಒಂದು ಮನೆಯಲ್ಲಿ ಒಬ್ಬಳ ಮಾತಿನ ಬೆಲೆಯನ್ನೇ ನಾನು ತೆಗೆದುಬಿಟ್ಟಿದ್ದೆ, ಬಸ್ಸು ಹತ್ತಿ ಊರಿಗೆ ಬಂದು ಉಂಡು ಮಲಗಿದ್ದೆ. ನನ್ನಂಥ ಹೇಡಿಗೆ ಆ ಮನೆಯಲ್ಲಿ ಇಷ್ಟು ವರ್ಷ ಸತ್ಯವಂತನೆಂಬ ಹೆಸರಿತ್ತು.

ತೊಟ್ಟಿಲನ್ನು ಇಳಿಸಿಕೊಂಡೆ. ನಾಳೆ ನಾನೇ ಕಾಪುವಿಗೆ ಬರುತ್ತೇನೆ, ಅಜ್ಜಿಯ ಹತ್ತಿರ ಮಾತಾಡಲಿಕ್ಕುಂಟು ಎಂದೆ. "ಬನ್ನಿ ಅಂಕಲ್. ಅಜ್ಜಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡಬೇಕು" ಎಂದಳು ರಶ್ಮಿ.

ಮರುದಿನ ಬೆಳಿಗ್ಗೆ ಪಡುಬಿದ್ರಿ ದಾರಿಯಾಗಿ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಳೆ, ಅವಸರ, ಮೇಸ್ತ್ರಿ ಇರಲಿಲ್ಲ, ಎಲ್ಲ ಸೇರಿಸಿ ಚೆನ್ನಾಗಿಯೇ ಜೋಡಿಸಿದ್ದೆ. ಕಾಪುವಿನಲ್ಲಿ ಇಳಿದು ಅವರ ಗೇಟು ತೆರೆಯುವಾಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಗಿರಿಜಕ್ಕ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಎಂಬತ್ತು ದಾಟಿದೆ, ಮೈ ಇಳಿದಿದೆ, ಕಣ್ಣು ಮಾತ್ರ ಮೀನಿಗೆ ಚೌಕಾಸಿ ಮಾಡುವ ಕಾಲದ್ದೇ. ಒಳಗಿನಿಂದ ಮೀನಿನ ಹುರುಪೆ ತೆಗೆಯುವ ಸದ್ದು ಬರುತ್ತಿತ್ತು. ಮೊಮ್ಮಗಳು ಮಗುವಿನೊಂದಿಗೆ ಕೋಣೆಯಲ್ಲಿದ್ದಳು.

"ಬಾ ವಾಸು, ಕುಳಿತುಕೋ. ಎಂತ, ತೊಟ್ಟಿಲು ಹಾಳಾಗಿದೆಯಾ?"

ನಾನು ಕುಳಿತುಕೊಳ್ಳಲಿಲ್ಲ. "ಗಿರಿಜಕ್ಕ, ಆವತ್ತು ತೊಟ್ಟಿಲಿಗೆ ನಾನು ಗೇರೆಣ್ಣೆ ಹಚ್ಚಿದ್ದು ನಿಜ. ನಿಮ್ಮ ಹತ್ತಿರ ಸುಳ್ಳು ಹೇಳಿದೆ" ಎಂದೆ.

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಿವಿಯ ಹಿಂದೆ ಕೈ ಇಟ್ಟುಕೊಂಡು, "ಜೋರಾಗಿ ಹೇಳು" ಎಂದರು.

ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಿದೆ. ಪಕ್ಕದ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ನಿಂತು ನೋಡಿದಳು. ನನಗೆ ಕೆಮ್ಮು ಒತ್ತಿ ಬಂತು.

"ಇನ್ನೂ ಜೋರು."

ಮೂರನೆಯ ಸಲ ಕೂಗಿಯೇ ಹೇಳಿದೆ. ಗೇರೆಣ್ಣೆ ಎಂದೆ, ದೇವರಾಣೆ ಸುಳ್ಳು ಎಂದೆ, ಅಡಿಹಲಗೆಯನ್ನು ಸುಟ್ಟದ್ದನ್ನೂ ಹೇಳಿದೆ. ಕೂಗುತ್ತಾ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸಿಕೊಂಡು, "ಕೇಳಿತಾ ಗಿರಿಜಕ್ಕ?" ಎಂದೆ.

"ನನಗೆ ಮೊದಲನೇ ಸಲವೇ ಕೇಳಿತು ಮಾರಾಯ. ಅವಳು ಅಡುಗೆಮನೆಯಲ್ಲಿದ್ದಾಳೆ. ಅವಳಿಗೆ ಕೇಳಬೇಕಲ್ಲವಾ?"

ಹುರುಪೆ ತೆಗೆಯುವ ಸದ್ದು ನಿಂತದ್ದು ನನ್ನ ಗಮನಕ್ಕೆ ಬಂದದ್ದು ಆಗಲೇ. ಒಳಗಿನ ಬಾಗಿಲಿಗೆ ಮುಖ ಮಾಡಿ, "ಸುಮತಿ, ನೀವು ಹೇಳಿದ್ದೇ ಸರಿ" ಎಂದೆ.

ಒಳಗಿನಿಂದ, "ಕೇಳಿತು" ಎಂಬ ಮಾತು ಬಂತು. ಅಷ್ಟೇ.

ಗಿರಿಜಕ್ಕ ಕುರ್ಚಿಯ ಕೈಗಳನ್ನು ಒತ್ತಿ ಎದ್ದರು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದರು.

"ನೀನು ಇನ್ನು ಹೊರಡು ವಾಸು. ಇನ್ನು ಹೇಳಲಿಕ್ಕಿರುವುದು ನನಗೆ."

ಗೋಡೆ ಹಿಡಿದುಕೊಂಡು ಅವರು ಅಡುಗೆಮನೆಯ ಕಡೆ ನಡೆದರು. ನಾನು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಬಂದೆ. ಒಳಗೆ ಹುರುಪೆ ತೆಗೆಯುವ ಸದ್ದು ಇನ್ನೂ ಶುರುವಾಗಿರಲಿಲ್ಲ.